ಕಣ್ಣಿನ ನೆಪ

ನನ್ನ ಅತ್ತೆ ತೀರಿಕೊಂಡು ಮೂರು ತಿಂಗಳಾಯಿತು. ಏಳನೆಯ ಇಯತ್ತೆವರೆಗೆ ಓದಿದವಳು ನಾನು, ಬರೆದು ರೂಢಿಯಿಲ್ಲ. ಮನೆಯಲ್ಲಿ ಎಲ್ಲರೂ ಅವರ ರೊಟ್ಟಿಯನ್ನೂ ಬೈಗುಳವನ್ನೂ ನೆನೆಸುತ್ತಾರೆ. ನನಗೆ ಹೆಚ್ಚು ನೆನಪಾಗುವುದು ಅವರು ಹೇಳಿದ ಒಂದು ಸುಳ್ಳು.

ಎಪ್ಪತ್ತರ ದಶಕದ ನಡುವಿನ ಮಾತು. ಮೊದಲ ಮಗಳನ್ನು ಹೆತ್ತು, ಬಾಣಂತನ ಮುಗಿಸಿಕೊಂಡು ಬಬಲೇಶ್ವರದ ತವರಿನಿಂದ ಗಂಡನ ಮನೆ ತಿಕೋಟಾಕ್ಕೆ ಬಂದಿದ್ದೆ. ಕೂಸು ದುಂಡಗಿತ್ತು. ನಾನು ಮಾತ್ರ ಸರಿಯಿರಲಿಲ್ಲ. ಕೂಸು ಅತ್ತರೆ ಯಾರದೋ ಮನೆಯ ಕೂಸು ಅಳುತ್ತಿದೆ ಅನ್ನಿಸುತ್ತಿತ್ತು. ಹಿಟ್ಟಿಗೆ ಬಿಸಿನೀರು ಹಾಕಿ, ನಾದುವುದನ್ನು ಮರೆತು ಕೂತಿರುತ್ತಿದ್ದೆ. ಕಾರಣವಿಲ್ಲದೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಿದ್ದೆ ಇರಲಿಲ್ಲ. ಗಂಡ ಒಳ್ಳೆಯವರೇ. ಏನು ಕೇಳಬೇಕೆಂದು ತಿಳಿಯದೆ, "ಊಟಾ ಮಾಡಿದೇನು?" ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದರು.

ಕೂಸಿಗೆ ಸೂಜಿ ಹಾಕಲು ಬಂದ ನರ್ಸಬಾಯಿ ನನ್ನನ್ನು ನೋಡಿ ಅತ್ತೆಯನ್ನು ಪಕ್ಕಕ್ಕೆ ಕರೆದರು. ಇದು ಮನಸ್ಸಿನ ಬೇನೆ, ಹೆತ್ತವರಿಗೆ ಬರುವುದುಂಟು, ವಾಸಿಯಾಗುತ್ತದೆ, ವಿಜಾಪುರದ ದವಾಖಾನೆಗೆ ವಾರಕ್ಕೊಮ್ಮೆ ಅದಕ್ಕೆಂದೇ ಒಬ್ಬ ಡಾಕ್ಟರು ಬರುತ್ತಾರೆ ಎಂದರು. ಅತ್ತೆಗೆ ಬೇನೆಗಿಂತ ಜನರ ಅಂಜಿಕೆ ಹೆಚ್ಚು. ನನ್ನ ನಾದಿನಿಗೆ ಕನಮಡಿಯಿಂದ ಒಂದು ಸಂಬಂಧ ಬಂದಿತ್ತು. ಮನೆಯಲ್ಲಿ ತಲೆ ಕೆಟ್ಟವರಿದ್ದಾರೆ ಎಂದು ಸುದ್ದಿಯಾದರೆ ಅದು ಮುರಿಯುತ್ತದೆ. ಒಂದು ದಿನವಿಡೀ ಯೋಚಿಸಿದರು. ಮರುದಿನ ನನ್ನನ್ನು ದವಾಖಾನೆಗೆ ಹೊರಡಿಸಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಕೇಳಿದವರಿಗೆಲ್ಲ, "ಸೊಸಿಗೆ ಕಣ್ಣಬ್ಯಾನಿ ರೀ. ನೋಡ್ರಿ, ಹೆಂಗ ನೀರ ಸೋರಾಕತ್ತಾವು," ಎಂದರು.

ಸುಳ್ಳನ್ನು ಅವರು ಅರೆಬರೆ ಮಾಡುವವರಲ್ಲ. ವಿಜಾಪುರದ ಪೇಟೆಯಲ್ಲಿ ನನಗೊಂದು ಕರಿ ಚಸ್ಮಾ ಕೊಂಡರು. ಸೆರಗು ಹೊದ್ದು ಅದನ್ನು ಹಾಕಿಕೊಂಡು ನೀರಿಗೆ ಹೋದರೆ ಬಾವಿಯ ಹತ್ತಿರದ ಹೆಂಗಸರು, "ಬರ್ರಿ ಬಾಯಾರ, ಸಿನಿಮಾ ಮುಗೀತೇನ್ರಿ?" ಎನ್ನುತ್ತಿದ್ದರು. ದಿನಕ್ಕೆರಡು ಸಲ, ಬೀದಿಗೆ ಕಾಣುವಂತೆ ಮನೆಯ ಕಟ್ಟೆಯ ಮೇಲೆ ಕೂತು, ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತೆ ನನ್ನ ಕಣ್ಣಿಗೆ ಗುಲಾಬಿ ನೀರು ಬಿಡುತ್ತಿದ್ದರು. ಹನಿ ಬಿಟ್ಟ ಮೇಲೂ ಏಳಗೊಡುತ್ತಿರಲಿಲ್ಲ. "ಸುಮ್ನ ಬಿದ್ಕೋ. ಔಷಧ ಇಳೀಬೇಕು," ಎಂದು ಹಣೆ ತಿಕ್ಕುತ್ತಿದ್ದರು.

ಡಾಕ್ಟರು ಕೊಟ್ಟ ಗುಳಿಗೆ ನಿದ್ದೆ ತಂದಿತು. ಅವರೆದುರು ಕೂತು ಆಡಿದ ಮಾತಿನಿಂದ ಎದೆಯ ಭಾರ ಸ್ವಲ್ಪ ಸ್ವಲ್ಪವೇ ಇಳಿಯಿತು. ಆದರೂ ದಿನವೆಲ್ಲ ನಾನು ಕಾಯುತ್ತಿದ್ದುದು ಆ ಸುಳ್ಳು ಔಷಧಕ್ಕೆ. ಎರಡು ತಿಂಗಳ ಮೇಲೆ ಒಂದು ಮುಂಜಾನೆ ಕೂಸು ನಕ್ಕಿತು, ನನಗೂ ನಗು ಬಂತು. ಒಲೆಯ ಮುಂದಿದ್ದ ಅತ್ತೆ ತಿರುಗಿ ನೋಡುತ್ತ ಉಳಿದರು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ನಾನು ಹೀಗೆ ಚೇತರಿಸಿಕೊಂಡದ್ದೇ ತೊಡಕಾಯಿತು. ಎದುರು ಮನೆಯ ಚಾಚಿಗೆ ಕಣ್ಣಲ್ಲಿ ಪೊರೆ ಬೆಳೆದಿತ್ತು. ಅವರ ಮನೆಯವರು ಸಂತೆಯಿಂದ ಸಂತೆಗೆ ಹೋಗಿ ಬಟ್ಟೆ ಮಾರುವವರು, ಕನಮಡಿಗೂ ಹೋಗುತ್ತಿದ್ದರು. "ನಿನ್ನ ಸೊಸಿ ಮಾರಿ ಮ್ಯಾಲ ಕಳೆ ಬಂದೈತಿ ಬೇ. ಆ ಡಾಕ್ಟರ್ ಕಡೆ ನನ್ನೂ ಕರ್ಕೊಂಡು ಹೋಗು," ಎಂದು ಚಾಚಿ ಮುಂದಿನ ವಾರ ಬುತ್ತಿ ಕಟ್ಟಿಕೊಂಡು ನಮ್ಮ ಬಸ್ಸಿಗೆ ಬಂದೇಬಿಟ್ಟರು. ನನ್ನ ಗುಳಿಗೆ ಹಿಂದಿನ ದಿನವೇ ಮುಗಿದಿದ್ದವು, ಹೋಗದೆ ಇರುವಂತಿರಲಿಲ್ಲ.

ದವಾಖಾನೆಯಲ್ಲಿ ಕಣ್ಣಿನ ಕೋಣೆ ಬಾಗಿಲ ಹತ್ತಿರವೇ ಇತ್ತು, ನಾವು ಹೋಗಬೇಕಾದದ್ದು ಪಡಸಾಲೆಯ ಕೊನೆಗೆ. ನಾನು ಅತ್ತೆಯ ಕಿವಿಯಲ್ಲಿ, "ಇವತ್ತ ಬ್ಯಾಡ ಬಿಡ್ರಿ. ನನಗೀಗ ಆರಾಮ ಐತಿ," ಎಂದೆ. ಅವರು ನನ್ನ ಚಸ್ಮಾ ತೆಗೆದು ಮುಖ ನೋಡಿದರು. ಆಮೇಲೆ ಚಾಚಿಯ ಕಡೆ ತಿರುಗಿದರು.

"ನಿನ್ನ ಬಾಗಲಾ ಇದು ಬೇ. ನಮ್ಮದು ಬ್ಯಾರೆ ಐತಿ. ಈಕಿ ಕಣ್ಣಿಗೆ ಏನೂ ಆಗಿಲ್ಲ, ಮನಸ್ಸಿಗೆ ಬ್ಯಾನಿ ಆಗೇತಿ. ನಾ ಸುಳ್ಳ ಹೇಳೀನಿ."

ಚಾಚಿ ತಮ್ಮ ಕಣ್ಣು ಮುಟ್ಟಿಕೊಂಡರು. "ಮತ್ತ ನಿನ್ನ ಕಡಿಂದ ಆ ಹನಿ ಇಸ್ಗೊಂಡು ನಾನೂ ದಿನಾ ಬಿಟ್ಕೊಳ್ಳಾಕತ್ತೇನಲ್ಲ?"

"ಗುಲಾಬಿ ನೀರ ಅದು."

"ಕಣ್ಣ ಉರದು ಸತ್ತೇನಿ," ಎಂದು ಚಾಚಿ ನಕ್ಕರು. "ನಡೀರಿ, ಮೊದಲ ಈಕಿದು ಆಗ್ಲಿ. ನನ್ನ ಪೊರೆ ಎಲ್ಲಿ ಓಡಿ ಹೊಕ್ಕೈತಿ." ಪಡಸಾಲೆಯ ಕೊನೆಯ ಬೆಂಚಿನ ಮೇಲೆ ಒಂದು ಕಡೆ ಅತ್ತೆ, ಇನ್ನೊಂದು ಕಡೆ ಚಾಚಿ, ನಡುವೆ ನಾನು ಕೂತೆವು.

ಆಮೇಲೂ ಎಂಟು ತಿಂಗಳು ಹೋದೆ. ವಾಸಿಯಾಯಿತು. ಎರಡನೆಯ ಬಾಣಂತನದಲ್ಲಿ ಬೇನೆ ಸ್ವಲ್ಪ ಮರಳಿತು, ಆಗ ನಾವು ತಡ ಮಾಡಲಿಲ್ಲ. ಕನಮಡಿಯ ಸಂಬಂಧ ಕೂಡಿಬರಲಿಲ್ಲ. ಜಾತಕ ಹೊಂದಲಿಲ್ಲ ಎಂದು ಅತ್ತೆ ಹೇಳಿದರು, ನಾನು ನಂಬಿದೆ. ಮರುವರ್ಷ ನಾದಿನಿಯನ್ನು ನಿಡೋಣಿಗೆ ಕೊಟ್ಟರು.

ಮೊನ್ನೆ ನಾದಿನಿ ಬಂದಿದ್ದಳು. ಇಬ್ಬರೂ ಅತ್ತೆಯ ಸೀರೆಗಳನ್ನು ಮಡಚುತ್ತ ಕೂತಿದ್ದಾಗ ಆ ಸಂಬಂಧದ ಮಾತು ಬಂತು.

"ಜಾತಕ ಅಲ್ಲ ವೈನಿ," ಎಂದಳು. "ಚಾಚಿ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಕನಮಡಿಯವರು ಮಾತಿಗೆ ಬಂದಾಗ ಅವ್ವನೇ ಹೇಳಿದ್ಲು. ನಮ್ಮ ಸೊಸಿಗೆ ಹಿಂಗಿಂಗ ಐತಿ, ದವಾಖಾನಿಗೆ ಹೊಕ್ಕಾಳ, ಆರಾಮ ಆಗಾಕತ್ತಾಳ, ಆಕಿನ್ನ ಮುಚ್ಚಿಟ್ಟು ಮಗಳನ್ನ ಕೊಡಾಂಗಿಲ್ಲ ಅಂದ್ಲು. ಅವರು ಚಾ ಸೈತ ಕುಡೀಲಿಲ್ಲ."

ನಾನು ಮಡಚುತ್ತಿದ್ದ ಸೀರೆಯನ್ನು ಕೆಳಗಿಟ್ಟೆ. "ನಿನಗ ಸಿಟ್ಟ ಬರಲಿಲ್ಲೇನು?"

"ಬಂದಿತ್ತು. ಎರಡ ದಿನಾ ಮಾತ ಬಿಟ್ಟಿದ್ದೆ. ನಿಡೋಣಿಯವರಿಗೂ ಹಂಗ ಹೇಳಿದ್ಲು. ನಮ್ಮತ್ತಿ ಕೇಳ್ಕೊಂಡು ಇನ್ನೊಂದ ಕಪ್ಪ ಚಾ ಹಾಕಿಸ್ಕೊಂಡಳು."

ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು. ಇಷ್ಟು ವರ್ಷ ಅತ್ತೆಯ ಜೊತೆ ಒಂದೇ ಒಲೆಯ ಮುಂದೆ ಕೂತವಳು ನಾನು. ಒಮ್ಮೆಯಾದರೂ ಹೇಳಿದ್ದರೆ ಅವರ ಕಾಲು ಹಿಡಿದುಕೊಳ್ಳುತ್ತಿದ್ದೆ. ಅದಕ್ಕೇ ಹೇಳಲಿಲ್ಲವೇನೋ.