ಹಿಂದಿ ಮಾಸ್ತರರ ಖೋಖೋ ತಂಡ

೧೯೭೮ರಲ್ಲಿ ಹುನಗುಂದ ತಾಲೂಕಿನ ಒಂದು ಹೈಸ್ಕೂಲಿನ ಆಟದ ಮಾಸ್ತರರು ವರ್ಗವಾಗಿ ಹೋದರು. ಬದಲಿಗೆ ಯಾರೂ ಬರಲಿಲ್ಲ. ಹೆಡ್‌ಮಾಸ್ತರರು ಆಟದ ಜವಾಬ್ದಾರಿಯನ್ನು ಹಿಂದಿ ಕಲಿಸುವ ಅಂದಾನಪ್ಪನವರಿಗೆ ಕೊಟ್ಟರು. ಕಾರಣ, ಆ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಕೂತಿದ್ದರು.

ಅಂದಾನಪ್ಪನವರು ಜೀವನದಲ್ಲಿ ಒಮ್ಮೆ ಮಾತ್ರ ಓಡಿದ್ದರು, ಅದೂ ಎಮ್ಮೆಯೊಂದು ಬೆನ್ನು ಹತ್ತಿದ್ದರಿಂದ. ಆದರೂ ಇಳಕಲ್ಲಿಗೆ ಹೋಗಿ ಖೋಖೋ ನಿಯಮಗಳ ಪುಸ್ತಕ ತಂದು, ವ್ಯಾಕರಣದಂತೆ ಅಡಿಗೆರೆ ಎಳೆದು ಓದಿದರು. ಒಂಬತ್ತು ಹುಡುಗಿಯರನ್ನು ಕೂಡಿಸಿ ದಿನಾ ಸಂಜೆ ಆಡಿಸಿದರು. ನಿಯಮ ಎಲ್ಲರಿಗೂ ಬಾಯಿಪಾಠವಾಯಿತು. ಆಟ ಬರಲಿಲ್ಲ.

ಹುನಗುಂದದ ಕ್ರೀಡಾಕೂಟಕ್ಕೆ ಹುಡುಗಿಯರ ಖೋಖೋ ತಂಡ ಬಂದದ್ದು ಎರಡೇ. ಇವರು ಹೀನಾಯವಾಗಿ ಸೋತು, ಎರಡನೇ ಸ್ಥಾನದ ಢಾಲು ಹಿಡಿದು ಊರಿಗೆ ಬಂದರು. ಅಲ್ಲಿ ಹೆಡ್‌ಮಾಸ್ತರರು ಹಲಗೆ ಬಾರಿಸುವವರನ್ನು ಕರೆಸಿ ಮೆರವಣಿಗೆ ಸಜ್ಜು ಮಾಡಿದ್ದರು. ತಂಡದ ನಾಯಕಿ ರೇಣವ್ವ, ಕುರಿ ಸಾಕುವ ಅಮಸಿದ್ದಪ್ಪನ ಮಗಳು, ಹೆಜ್ಜೆ ಎತ್ತಲಿಲ್ಲ.

"ಸರ್, ಬಂದಿದ್ದು ಎರಡ ಟೀಮ್ ಅನ್ನೋದು ಇವರಿಗೆ ಗೊತ್ತೈತೇನ್ರಿ?"

"ಇಲ್ಲವ್ವಾ."

"ನೀವ ಹೇಳ್ತೀರೋ, ನಾ ಹೇಳ್ಲ್ಯೋ?"

ಅಂದಾನಪ್ಪನವರು ಶಾಲೆಯ ಕಟ್ಟೆ ಹತ್ತಿ ನಿಂತರು. "ಎರಡ ಟೀಮ್ ಇದ್ವು, ನಾವು ಸೋತೇವಿ. ಹುಡುಗ್ಯಾರ ತಪ್ಪಿಲ್ಲ. ಕಲಸಾಂವಗ ಆಟ ಬರಂಗಿಲ್ಲ."

ಹಲಗೆ ನಿಂತಿತು. ಹೆಡ್‌ಮಾಸ್ತರರು ಎರಡು ದಿನ ಮಾತಾಡಿಸಲಿಲ್ಲ.

ಮೂರನೇ ದಿನ ಅಮಸಿದ್ದಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಮೈದಾನಕ್ಕೆ ಬಂದ.

"ಮಾಸ್ತರ, ಹಿಂದ ಓಡಿದ್ರ ಕುರಿ ಸಿಗಂಗಿಲ್ರಿ. ಅದು ಎತ್ತ ತಿರಗತೈತಿ ನೋಡಬೇಕು. ಆಟದಾಗೂ ಹಂಗ, ಅಲ್ಲಿ ಕುಂತಾಕಿನ್ನ ಮೊದಲ ಎಬ್ಬಸಬೇಕು."

ಅಂದಾನಪ್ಪನವರು ಅದನ್ನು ಬರೆದುಕೊಂಡರು. ಅಂದಿನಿಂದ ನಿಯಮ ಇವರದು, ಓಟ ಅಮಸಿದ್ದಪ್ಪನದು.

ಮರುವರ್ಷ ಆರು ತಂಡ ಬಂದಿದ್ದವು. ಇವರು ಮೂರನೆಯವರಾದರು. ಢಾಲು ಇಲ್ಲ. ವಾಪಸು ಬರುವಾಗ ಹುಡುಗಿಯರು ಶಾಲೆಯ ಹೆಸರು ಹಿಡಿದು ಬಸ್ಸಿನ ತಗಡು ಅದುರುವಂತೆ ಕೂಗಿದರು.

"ಫಸ್ಟ್ ಬಂದಾವೇನ್ರಿ?" ಎಂದ ಕಂಡಕ್ಟರ್.

"ಥರ್ಡ್," ಎಂದರು ಅಂದಾನಪ್ಪನವರು. ಅತ್ತಿತ್ತ ನೋಡಿ, ಕೊರಳುಪಟ್ಟಿ ಸರಿಮಾಡಿಕೊಂಡು ತಾವೂ ಕೂಗಿದರು.

ಹೊಸ ಆಟದ ಮಾಸ್ತರರು ಬಂದದ್ದು ೧೯೮೪ರಲ್ಲಿ. ಅಷ್ಟರಲ್ಲಿ ತಂಡ ಒಮ್ಮೆ ಜಿಲ್ಲಾಮಟ್ಟಕ್ಕೂ ಹೋಗಿ ಸೋತು ಬಂದಿತ್ತು. ಅಂದಾನಪ್ಪನವರು ಪೂರ್ತಿ ಹಿಂದಿಗೆ ಮರಳಿದರು. ಸಂಜೆ ಮೈದಾನಕ್ಕೆ ಹೋಗುವುದನ್ನು ಮಾತ್ರ ನಿವೃತ್ತಿಯ ತನಕ ಬಿಡಲಿಲ್ಲ.