ಸುಮಿತಕ್ಕನ ಮಡ್‌ಗಾರ್ಡ್, ಹಾಕದ ಸಹಿ

ಬೆಳಗಿನ ಆರು ಗಂಟೆ. ನಾಪೋಕ್ಲುವಿನಿಂದ ನಾಲ್ಕು ಕಿಲೋಮೀಟರ್ ಮೇಲೆ, ಕಾಫಿ ತೋಟದ ಅಂಚಿನ ತಗಡಿನ ಶೆಡ್ಡಿನಲ್ಲಿ ಸುಮಿತಾ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ಎದುರಿಗೆ ಹಗ್ಗಕ್ಕೆ ನೇತುಹಾಕಿದ ಬ್ಯಾಟರಿ ಸೈಕಲ್. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಎರಡು ಬೆರಳು ತೂರಿಸಿ, ಇನ್ನೊಂದು ಕೈಯಿಂದ ಚಕ್ರವನ್ನು ನಿಧಾನ ತಿರುಗಿಸುತ್ತಾರೆ. ಟೈರಿನ ಉಬ್ಬುಗಳು ಬೆರಳಿಗೆ ಸವರಿಯೂ ಸವರದ ಹಾಗೆ ಹೋದರೆ ಸರಿ. ತಾಗಿದರೆ ನಟ್ಟು ಸಡಿಲಿಸಿ ಮತ್ತೆ ಮೊದಲಿಂದ.

"ಎರಡು ಬೆರಳು ಬೇಕೇ ಬೇಕು" ಎನ್ನುತ್ತಾರೆ ಅವರು, ಕಣ್ಣು ಚಕ್ರದ ಮೇಲೇ ಇಟ್ಟು. "ಒಂದೇ ಬೆರಳು ಬಿಟ್ಟರೆ ನಮ್ಮ ಕೆಂಪು ಮಣ್ಣು ಒಳಗೆ ಕೂತು ಚಕ್ರ ಹಿಡ್ಕೊಳ್ತದೆ. ಮೂರು ಬಿಟ್ಟರೆ ಕೆಸರೆಲ್ಲ ಸೀದಾ ಮೋಟಾರಿಗೆ. ಇದನ್ನು ನಂಗೆ ಯಾವ ಕಾಲೇಜಲ್ಲೂ ಹೇಳಿಕೊಟ್ಟದ್ದಲ್ಲ, ನನ್ನ ಅಪ್ಪ ಹೇಳಿದ್ದು."

ಹೊರಗೆ ಕಕ್ಕಡ ತಿಂಗಳ, ಕೊಡಗಿನ ನಡುಮಳೆಗಾಲದ ಮಳೆ. ಈ ವರ್ಷ ಇಲ್ಲಿಯತನಕ ನೂರಾ ಹದಿನಾಲ್ಕು ಇಂಚು ಆಗಿದೆ. ಅಂಥ ಮಳೆಯಲ್ಲೂ ಬೆಟ್ಟದ ಮಣ್ಣುದಾರಿಯಲ್ಲಿ ಸೈಕಲ್ ಹೊಡೆಯಲು ಊರೂರುಗಳಿಂದ ಜನ ಬರುತ್ತಾರೆ. ಏರು ಬಂದಾಗ ಮೋಟಾರು ತಳ್ಳುತ್ತದೆ, ಇಳಿಜಾರಿನಲ್ಲಿ ಕಿರುಚುತ್ತಾರೆ, ಸಂಜೆ ಫೋಟೋ ಹಾಕುತ್ತಾರೆ. ಆ ಫೋಟೋಗಳಲ್ಲಿ ಮಂಜಿದೆ, ಕಾಫಿ ಇದೆ, ಬೆಟ್ಟ ಇದೆ. ಈ ಶೆಡ್ಡು ಒಂದರಲ್ಲೂ ಇಲ್ಲ. ನಲವತ್ತೆರಡು ವರ್ಷದ ಈ ಹೆಂಗಸು ಎರಡೂವರೆ ಗಂಟೆ ನೆಲದಲ್ಲಿ ಕೂರದಿದ್ದರೆ ಎಂಟೂವರೆಗೆ ಒಂದು ಸೈಕಲ್ಲೂ ಶೆಡ್ಡಿನಿಂದ ಹೊರಗೆ ಹೋಗುವುದಿಲ್ಲ ಎಂಬುದು ಆ ಅತಿಥಿಗಳಲ್ಲಿ ಯಾರಿಗೂ ತಿಳಿದಿಲ್ಲ.

ತಿಳಿಯದಿದ್ದರೆ ಹೋಗಲಿ, ಅದನ್ನೂ ಸಹಿಸಬಹುದು. ಸಹಿಸಲಾಗದ್ದು ಬೇರೆ ಇದೆ. ಸೈಕಲ್ಲುಗಳ ಒಡೆತನದ ರೆಸಾರ್ಟ್ ಕಂಪೆನಿ ಕಳೆದ ವಾರ ಸುಮಿತಾ ಅವರ ಕೈಗೆ ಒಂದು ಕಾಗದ ಕೊಟ್ಟಿದೆ. ಹದಿನಾಲ್ಕು ಸೈಕಲ್ಲುಗಳಲ್ಲಿ ನಾಲ್ಕರ ಮೋಟಾರು ಕೆಟ್ಟದ್ದು ಇವರು ಮಾಡಿದ ಮಡ್‌ಗಾರ್ಡಿನಿಂದ, ಇವರ ಅಜಾಗರೂಕತೆಯಿಂದ ಎಂದು ಅದರಲ್ಲಿ ಬರೆದಿದೆ. ಕೆಳಗೆ ಸಹಿಗೆ ಜಾಗ ಬಿಟ್ಟಿದೆ. ಸೋಮವಾರ ಸಂಜೆಯೊಳಗೆ ಸಹಿ ಬೀಳಬೇಕಂತೆ. ಬಿದ್ದರೆ ಆ ಕಾಗದವನ್ನೇ ಮುಂದಿಟ್ಟು ಕೆಲಸದಿಂದ ತೆಗೆಯಬಹುದು. ಬೀಳದಿದ್ದರೆ ಹೇಳಿದ ಮಾತು ಕೇಳಲಿಲ್ಲ ಎಂದು ತೆಗೆಯಬಹುದು. ಇದಕ್ಕಿಂತ ನಾಚಿಕೆಗೆಟ್ಟ ಕಾಗದವನ್ನು ಈ ಅಂಕಣ ಹತ್ತಿರದಿಂದ ನೋಡಿಲ್ಲ.

ಸುಮಿತಾ ಅರೆಭಾಷೆ ಮಾತಾಡುವ ಮನೆಯವರು. ಅಪ್ಪನಿಗೆ ನಾಪೋಕ್ಲು ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆ ಸೈಕಲ್ಲಿನ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಪಂಕ್ಚರ್ ಹಾಕುವುದು, ಸ್ಪೋಕ್ ಬಿಗಿಯುವುದು ಇವರ ಪಾಲಿನ ಆಟ. ಬೈಕುಗಳು ಬಂದವು, ಅಂಗಡಿ ಮುಚ್ಚಿತು. ಮದುವೆಯಾದ ಮೇಲೆ ಹದಿನೈದು ವರ್ಷ ರವಿಕೆ ಹೊಲಿದರು. ಮೂರು ಮಳೆಗಾಲದ ಹಿಂದೆ ರೆಸಾರ್ಟಿನವರು ಸೈಕಲ್ ತರಿಸಿದಾಗ ರಿಪೇರಿ ಗೊತ್ತಿದ್ದವರು ಹತ್ತಿರದಲ್ಲಿ ಇವರೊಬ್ಬರೇ ಇದ್ದರು. "ಹೆಂಗಸು ಎಂಥ ಮಾಡ್ತಾಳೆ ಅಂತ ನಕ್ಕವರು ಇದ್ದರು" ಎನ್ನುತ್ತಾರೆ ಸುಮಿತಾ. "ಅವರ ಹೆಂಡತಿಯರ ರವಿಕೆಯ ಅಳತೆ ಎಲ್ಲ ನನ್ನ ಹತ್ರ ಉಂಟು. ಹಾಗಾಗಿ ಜಾಸ್ತಿ ನಗಲಿಲ್ಲ."

ಈ ಸೈಕಲ್ಲುಗಳಲ್ಲಿ ಮೋಟಾರು ಕೂರುವುದು ಎರಡು ಪೆಡಲ್ಲುಗಳ ನಡುವೆ, ನೆಲಕ್ಕೆ ಹತ್ತಿರ. ಮುಂದಿನ ಚಕ್ರ ಎತ್ತಿ ಎಸೆಯುವ ಕೆಸರು ನೇರವಾಗಿ ಬಂದು ಬಡಿಯುವುದೂ ಅಲ್ಲಿಗೇ. ಕಂಪೆನಿ ಕಳಿಸಿದ್ದ ಮಡ್‌ಗಾರ್ಡು ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ತುಂಡು. ಅದು ಸವಾರನ ಮುಖಕ್ಕೆ ಕೆಸರು ಹಾರದಂತೆ ತಡೆಯುತ್ತಿತ್ತು, ಮೋಟಾರನ್ನು ಕೇಳುವವರೇ ಇರಲಿಲ್ಲ. ಸುಮಿತಾ ಮಡಿಕೇರಿಯಿಂದ ಉದ್ದನೆಯ ತಗಡಿನ ಮಡ್‌ಗಾರ್ಡ್ ತರಿಸಿ ಹಾಕಿದರು. ಅದರ ಸಂದು ಕಿರಿದು. ಮಣ್ಣು, ಕಾಫಿ ಎಲೆ, ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರದ ಎಲೆ ಎಲ್ಲ ಒಳಗೆ ಸೇರಿ ಗಟ್ಟಿಯಾಗಿ ಮೂರನೇ ದಿನಕ್ಕೆ ಇಳಿಜಾರಿನಲ್ಲಿ ಚಕ್ರ ಕಚ್ಚಿಕೊಂಡಿತು. ಪುಣ್ಯಕ್ಕೆ ಆ ಹೊತ್ತಿನಲ್ಲಿ ಸೈಕಲ್ಲಿನ ಮೇಲಿದ್ದದ್ದು ಅವರೇ. ಮೊಣಕೈಯ ಗಾಯದ ಗುರುತು ಈಗಲೂ ಇದೆ.

ಕೊನೆಗೆ ದಾರಿ ತೋರಿಸಿದ್ದು ಹೊಲಿಗೆ. ತೋಟದ ಮೂಲೆಯಲ್ಲಿ ಒಡೆದು ಬಿದ್ದಿದ್ದ ಕಪ್ಪು ನೀರಿನ ಟ್ಯಾಂಕ್ ಕಣ್ಣಿಗೆ ಬಿತ್ತು. ಗಟ್ಟಿ ಪ್ಲಾಸ್ಟಿಕ್, ಹುಟ್ಟಾ ಬಾಗಿದ್ದು. ಸುಮಿತಾ ಹಳೆಯ ಪೇಪರಿನಲ್ಲಿ ರವಿಕೆಯ ತೋಳಿನ ಹಾಗೆ ಅಚ್ಚು ಕತ್ತರಿಸಿದರು, ಟೈಲರ್ ಚಾಕಿನಿಂದ ಟ್ಯಾಂಕಿನ ಮೇಲೆ ಗೆರೆ ಎಳೆದರು, ಗರಗಸದಲ್ಲಿ ಕೊಯ್ದರು. ಮುಂದಿನ ಚಕ್ರದ ಹಿಂದೆ ನೆಲದಿಂದ ಒಂದು ಗೇಣಿನವರೆಗೆ ಇಳಿಯುವ ಮಡ್‌ಗಾರ್ಡ್, ಅದರ ತುದಿಗೆ ಮೋಟಾರಿನ ಮುಂದೆ ಸೆರಗಿನ ಹಾಗೆ ಇಳಿಬೀಳುವ ಒಂದು ಮಡಿಲು, ಟೈರಿಗೆ ಎರಡು ಬೆರಳಿನ ಸಂದು. ಕೆಸರು ಬಂದು ಮಡಿಲಿಗೆ ಬಡಿದು ನೆಲಕ್ಕೇ ಬೀಳುತ್ತದೆ.

ಇಲ್ಲೊಂದು ತಪ್ಪಾಯಿತು. ಅದನ್ನು ಯಾರೂ ಕೇಳುವ ಮೊದಲೇ ಸುಮಿತಾ ಹೇಳುತ್ತಾರೆ.

"ಮೊದಲು ಮಡಿಲಿಗೆ ನಾನು ಹಾಕಿದ್ದು ಗೋಣಿ. ಕಾಫಿ ತುಂಬುವ ಗೋಣಿಚೀಲ. ನಮಗೆ ಏನು ಮುಚ್ಚುವುದಿದ್ದರೂ ಗೋಣಿಯೇ ಅಲ್ವಾ? ಅದು ನೀರು ಕುಡಿದು ಎರಡನೇ ನಂಬರ್ ಸೈಕಲ್ಲಿನ ಮೋಟಾರಿಗೆ ಹಗಲೂ ರಾತ್ರಿ ಅಂಟಿಕೊಂಡಿತ್ತು. ಹೋದ ವರ್ಷ ಮಳೆಗಾಲದ ಸುರುವಿಗೇ ಆ ಮೋಟಾರ್ ಸತ್ತುಹೋಯ್ತು, ಹೊಸದು ಹಾಕಬೇಕಾಯ್ತು. ಅದು ನನ್ನ ತಪ್ಪೇ. ಮಾರನೇ ದಿನವೇ ಗೋಣಿ ಎಲ್ಲ ಬಿಚ್ಚಿ ಲಾರಿ ಟ್ಯೂಬಿನ ರಬ್ಬರ್ ಹಾಕಿದೆ."

ಅಲ್ಲಿಂದ ಮುಂದೆ ಒಂದು ಪೂರ್ತಿ ಮಳೆಗಾಲ ಒಂದೂ ಮೋಟಾರು ಕೆಡಲಿಲ್ಲ. ಯಾವ ಸೈಕಲ್ಲು ಎಷ್ಟು ಓಡಿತು, ಯಾವ ದಾರಿಯಲ್ಲಿ ಓಡಿತು, ಮಡಿಲು ಯಾವಾಗ ಬದಲಾಯಿತು ಎಲ್ಲವೂ ರವಿಕೆ ಅಳತೆಯ ಹಳೆಯ ಪುಸ್ತಕದ ಹಿಂದಿನ ಪುಟಗಳಲ್ಲಿದೆ. ಕಂಪೆನಿಯ ಕಡೆಯಿಂದ ಒಬ್ಬರೂ ಬೆನ್ನು ತಟ್ಟಲಿಲ್ಲ. ಕೆಡದ ಮೋಟಾರನ್ನು ನೋಡಲು ಯಾರು ಬರುತ್ತಾರೆ!

ಈ ಜೂನ್‌ನಲ್ಲಿ ಬಂದವರು ವಿಡಿಯೋ ತೆಗೆಯುವವರು. ಜಾಹೀರಾತಿಗೆ ಸೈಕಲ್ಲು ಚೆಂದ ಕಾಣಬೇಕಿತ್ತು. ಟ್ಯಾಂಕಿನ ಚೂರು ಕಟ್ಟಿಕೊಂಡ ಹಾಗಿದೆ, ತೆಗೆಸಿ ಎಂದರು. ನಾಲ್ಕು, ಏಳು, ಒಂಬತ್ತನೇ ನಂಬರ್ ಸೈಕಲ್ಲುಗಳಿಂದ ಸುಮಿತಾ ಅವರ ಮಡ್‌ಗಾರ್ಡ್ ಇಳಿಯಿತು, ಹಳೆಯ ಅಂಗೈಯಗಲದ ತುಂಡು ಏರಿತು. ವಿಡಿಯೋದವರು ಎರಡು ದಿನದಲ್ಲಿ ಹೋದರು. ಅತಿಥಿಗಳಿಗೂ ಹಾಗೇ ಇಷ್ಟ ಎಂದು ಆಫೀಸಿನವರು ಆ ಮೂರನ್ನು ಹಾಗೇ ಉಳಿಸಿಕೊಂಡರು. ದಿನವೂ ಮೋಟಾರಿನ ಮೇಲೆ ಕೆಸರು ಗುಡ್ಡೆಯಾಗತೊಡಗಿತು.

ಆ ಕೆಸರನ್ನು ತೆಗೆಯಲು ಆಫೀಸು ಹುಡುಕಿದ ಉಪಾಯ ಕೇಳಿದರೆ ಕಾಫಿ ಬೆಳೆಯುವ ಯಾರಿಗಾದರೂ ನಗು ಬಂದೀತು, ಆಮೇಲೆ ಮೈ ಉರಿದೀತು. ತೋಟದಲ್ಲಿ ಗಿಡಗಳಿಗೆ ಕೊಳೆರೋಗ ಬಾರದಂತೆ ಮೈಲುತುತ್ತದ ನೀಲಿ ಔಷಧಿ ಹೊಡೆಯುವ ಸ್ಪ್ರೇ ಪಂಪ್ ಇದೆ. ನಮ್ಮ ಕಡೆ ಜೀಪು ತೊಳೆಯುವುದೂ ಅದರಲ್ಲೇ, ಕಣ ತೊಳೆಯುವುದೂ ಅದರಲ್ಲೇ. ಆ ಮೂರು ಸೈಕಲ್ಲುಗಳೂ ಅದಕ್ಕೇ ಹೋದವು. ಗನ್ ಹಿಡಿದು ಬಿಟ್ಟರೆ ಒಂದೇ ನಿಮಿಷಕ್ಕೆ ಫಳಫಳ. ಆ ರಭಸಕ್ಕೆ ನೀರು ಮೋಟಾರಿನ ರಬ್ಬರ್ ಸೀಲ್ ದಾಟಿ ಒಳಗೆ ನುಗ್ಗುತ್ತದೆ. ಜೊತೆಗೆ ಪೈಪಿನಲ್ಲಿ ಉಳಿದ ಮೈಲುತುತ್ತವೂ ಹೋಗುತ್ತದೆ. ಮೈಲುತುತ್ತ ಅಲ್ಯೂಮಿನಿಯಂ ಪಾತ್ರೆಯನ್ನೇ ತಿಂದು ತೂತು ಮಾಡುತ್ತದೆ ಎಂದು ತೋಟದ ಕೂಲಿಯವರ ಲೈನ್‌ಮನೆಯ ಮಕ್ಕಳಿಗೂ ಗೊತ್ತು.

"ನಾನು ಮೂರು ಸಲ ಹೇಳಿದೆ" ಎನ್ನುವ ಸುಮಿತಾ ಅವರ ದನಿ ಇಲ್ಲಿ ಏರುತ್ತದೆ. "ಬ್ರಶ್ ತೆಕ್ಕೊಳ್ಳಿ, ಒಂದು ಬಕೆಟ್ ನೀರು ಸಾಕು, ಪಂಪ್ ಬೇಡ. ಅದಕ್ಕಿಂತ ನನ್ನ ಮಡ್‌ಗಾರ್ಡ್ ಹಾಕಿ, ತೊಳೆಯುವ ಕೆಲಸವೇ ಇರಲ್ಲ. ಕೇಳಬೇಕಲ್ಲ? ಟೈಮ್ ಇಲ್ಲ ಅಂದರು."

ಜುಲೈ ಮುಗಿಯುವಷ್ಟರಲ್ಲಿ ನಾಲ್ಕು, ಏಳು, ಒಂಬತ್ತು ಮೂರೂ ನಿಂತವು. ಹದಿನಾಲ್ಕರಲ್ಲಿ ಸರಿಯಾಗಿ ಆ ಮೂರೇ. ಮೋಟಾರುಗಳನ್ನು ಇಳಿಸಿ ಡಬ್ಬಕ್ಕೆ ತುಂಬಿದ್ದು ಸುಮಿತಾ ಅವರೇ. ಆಗ ವೈರ್ ಸಿಕ್ಕಿಸುವ ಬಾಯಲ್ಲಿ ನೀಲಿ ಬಣ್ಣದ ಹುಡಿ ಕಟ್ಟಿದ್ದನ್ನು ಕಂಡರು. ಒಂದಿಷ್ಟು ಕೆರೆದು ಕುಂಕುಮದ ಭರಣಿಯಲ್ಲಿ ಹಾಕಿಟ್ಟಿದ್ದಾರೆ. ಡಬ್ಬಗಳು ಇನ್ನೂ ಆಫೀಸಿನ ಬೀರುವಿನ ಮೇಲೆ ಟೇಪು ಸುತ್ತಿಕೊಂಡು ಕೂತಿವೆ. ಮೋಟಾರು ಮಾಡಿದ ಕಂಪೆನಿಗೆ ಹೋಗಬೇಕು, ಅಲ್ಲಿ ಬಿಚ್ಚಿ ನೋಡಬೇಕು. ಯಾರೂ ಇನ್ನೂ ಬಿಚ್ಚಿಲ್ಲ. ಹೀಗಿರುವಾಗ ಒಳಗೆ ಏನಾಗಿದೆ ಎಂದು ಆ ಕಾಗದಕ್ಕೆ ಹೇಗೆ ಗೊತ್ತಾಯಿತು?

ಏಳೂವರೆಗೆ ಜೀಪು ಬರುತ್ತದೆ. ಮ್ಯಾನೇಜರ್ ಪ್ರವೀಣ್ ಕೊಡೆ ಮಡಚುತ್ತಾ ಶೆಡ್ಡಿನೊಳಗೆ ಕಾಲಿಡುತ್ತಾರೆ. ವಯಸ್ಸು ಮೂವತ್ತು ದಾಟಿಲ್ಲ, ಕೆಟ್ಟವರೂ ಅಲ್ಲ. ಕೆಲಸ ಆಗಬೇಕಾದಾಗ ಇವರನ್ನು "ಸುಮಿತಕ್ಕ" ಎನ್ನುತ್ತಾರೆ. ಈ ವಾರದಿಂದ "ಮೇಡಂ" ಆಗಿದೆ.

"ಮೇಡಂ, ಇದು ಬರೀ ಫಾರ್ಮಾಲಿಟಿ. ಹೆಡ್ ಆಫೀಸಿನವರು ಕೇಳ್ತಾ ಇದ್ದಾರೆ, ನಂಗೂ ಪ್ರೆಶರ್ ಉಂಟು. ಸುಮ್ಮನೆ ಒಂದು ಸಹಿ ಹಾಕಿಬಿಡಿ" ಎಂದು ಅವರು ಅದೇ ಕಾಗದದ ಇನ್ನೊಂದು ಪ್ರತಿ ಚಾಚುತ್ತಾರೆ.

ಸುಮಿತಾ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ಎದ್ದು ನಿಲ್ಲುತ್ತಾರೆ. ಅಳತೆ ಪುಸ್ತಕದೊಳಗಿಂದ ಮಡಚಿದ ಒಂದು ಹಾಳೆ ತೆಗೆಯುತ್ತಾರೆ. ಹಿಂದಿನ ದಿನ ತಾವೇ ಕೂತು ಬರೆದದ್ದು.

"ನಾನೂ ಒಂದು ಬರೆದಿದ್ದೇನೆ ಸಾರ್. ಎರಡನೇ ನಂಬರಿನ ಮೋಟಾರ್ ನನ್ನ ಗೋಣಿಯಿಂದ ಹೋದದ್ದು, ತಪ್ಪು ನನ್ನದು ಅಂತ. ಸಹಿ ಹಾಕಿದ್ದೇನೆ, ತೆಕ್ಕೊಳ್ಳಿ. ಉಳಿದ ಮೂರಕ್ಕೆ ಸಹಿ ಇಲ್ಲ. ಆ ಮೂರರಲ್ಲಿ ನನ್ನ ಮಡ್‌ಗಾರ್ಡೇ ಇರಲಿಲ್ಲ. ತೆಗೆಸಿದ ತಾರೀಕು ಇಲ್ಲಿ ಉಂಟು, ನೋಡಿ."

"ಈ ರವಿಕೆ ಪುಸ್ತಕ ಎಲ್ಲ ರೆಕಾರ್ಡ್ ಆಗಲ್ಲ ಮೇಡಂ."

"ಯಾಕೆ ಆಗಲ್ಲ? ಬಿಚ್ಚದೇ ಇರುವ ಮೋಟಾರ್ ಬಗ್ಗೆ ನೀವು ಬರೆದದ್ದು ರೆಕಾರ್ಡ್ ಆಗ್ತದಾ?"

ಪ್ರವೀಣ್ ಪುಸ್ತಕದ ಆ ಪುಟದ ಮೇಲೆ ಬಗ್ಗುತ್ತಾರೆ. ಅಷ್ಟರಲ್ಲಿ ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದ ಸಣ್ಣಿ ಒಂದು ಹೆಜ್ಜೆ ಮುಂದೆ ಬರುತ್ತಾರೆ. ತೋಟದ ಲೈನಿನಲ್ಲಿ ವಾಸ, ರೆಸಾರ್ಟಿನಲ್ಲಿ ಗುಡಿಸಿ ತೊಳೆಯುವ ಕೆಲಸ. ಜೂನ್ ತಿಂಗಳಿಂದ ಸೈಕಲ್ಲಿಗೆ ಪಂಪ್ ಹಿಡಿದವರು ಇವರೇ. ಮೋಟಾರುಗಳು ನಿಂತ ಮೇಲೆ ಸುಮಿತಾ ಆಫೀಸಿನಲ್ಲಿ ಪಂಪಿನ ಸುದ್ದಿಯನ್ನು ದೊಡ್ಡದು ಮಾಡದೆ ಇದ್ದದ್ದು ಇದೇ ಕಾರಣಕ್ಕೆ. ತಪ್ಪು ತನ್ನ ತಲೆಯಿಂದ ಇಳಿದು ಸಣ್ಣಿಯ ತಲೆಗೆ ಏರುವುದು ಅವರಿಗೆ ಬೇಡವಾಗಿತ್ತು.

"ಸಾರ್, ಪಂಪಲ್ಲಿ ತೊಳೆದದ್ದು ನಾನು" ಎನ್ನುತ್ತಾರೆ ಸಣ್ಣಿ. "ಅಕ್ಕ ಬೇಡ ಅಂದಿತ್ತು. ತೊಳಿ ಅಂದದ್ದು ಆಫೀಸು. ಪೇಪರಿನವರು ನನ್ನ ಹೆಸರು ಬರೆದರೂ ಬರೀಲಿ."

ಬರೆದಿದ್ದೇವೆ. ಮತ್ತು ಇದನ್ನೂ ಸೇರಿಸಿ ಬರೆಯುತ್ತೇವೆ: ಹೇಳಿದ ಕೆಲಸ ಮಾಡಿದ ಸಣ್ಣಿಯ ಮೇಲೆ ಈ ಹೊರೆ ಹಾಕುವುದಕ್ಕೆ ಯಾರಾದರೂ ಹೊರಟರೆ ಅದು ಮೊದಲನೆಯದಕ್ಕಿಂತ ದೊಡ್ಡ ಅನ್ಯಾಯ. ಚೆಂದದ ಚಿತ್ರಕ್ಕಾಗಿ ಮಡ್‌ಗಾರ್ಡ್ ತೆಗೆಸಿದವರು ಇದ್ದಾರೆ. ಪಂಪ್ ಹಿಡಿ ಎಂದವರೂ ಇದ್ದಾರೆ. ಅವರ ಸಹಿಗೆ ಆ ಕಾಗದದಲ್ಲಿ ಒಂದು ಗೆರೆಯಷ್ಟೂ ಜಾಗ ಇಟ್ಟಿಲ್ಲ. ಕೈ ಕೆಸರಾದವರದ್ದೇ ತಪ್ಪು ಎಂದು ಬರೆಯುವುದು ಎಷ್ಟು ಸುಲಭ! ಮಾಡಿದ ತಪ್ಪನ್ನು ತಾನಾಗಿ ಬರೆದುಕೊಡುವ ಕೆಲಸಗಾರ್ತಿಯ ಮಾತನ್ನು, ಮಾಡದ ತಪ್ಪಿನ ವಿಷಯದಲ್ಲಿ ನಂಬುವುದಕ್ಕೆ ಇವರಿಗೆ ಏನು ಕಷ್ಟ?

ಪ್ರವೀಣ್ ಸುಮಿತಾ ಅವರ ಹಾಳೆಯನ್ನು ಎರಡು ಸಲ ಓದುತ್ತಾರೆ. ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ತಾವು ತಂದ ಕಾಗದವನ್ನೂ ವಾಪಸು ಎತ್ತಿಕೊಳ್ಳುತ್ತಾರೆ. "ಸೋಮವಾರದ ತನಕ ನೋಡುವ ಸುಮಿತಕ್ಕ" ಎಂದು ಜೀಪು ಹತ್ತುತ್ತಾರೆ. ಮತ್ತೆ ಅಕ್ಕ ಎಂದದ್ದರ ಅರ್ಥವೇನು ಎಂದು ಕೇಳಿದರೆ ಸುಮಿತಾ ಭುಜ ಕುಣಿಸುತ್ತಾರೆ.

ಎಂಟೂವರೆಗೆ ಹನ್ನೊಂದು ಸೈಕಲ್ಲುಗಳು ಸಾಲಾಗಿ ಹೊರಗೆ ನಿಲ್ಲುತ್ತವೆ. ಹನ್ನೊಂದಕ್ಕೂ ಟ್ಯಾಂಕಿನ ಕಪ್ಪು ಮಡ್‌ಗಾರ್ಡ್, ಲಾರಿ ಟ್ಯೂಬಿನ ಮಡಿಲು. ಅತಿಥಿಗಳಲ್ಲೊಬ್ಬರು ಅದನ್ನು ಬೂಟಿನ ತುದಿಯಿಂದ ತಟ್ಟಿ, ಇದನ್ನು ಬಿಚ್ಚಬಹುದಾ ಎಂದು ಕೇಳುತ್ತಾರೆ. ಆಗಲ್ಲ ಸಾರ್ ಎನ್ನುತ್ತಾರೆ ಸುಮಿತಾ. ಅಷ್ಟೇ ಉತ್ತರ. ಸೈಕಲ್ಲುಗಳು ಕೆಸರು ಹಾರಿಸುತ್ತಾ ಇಳಿಜಾರಿಗೆ ಬೀಳುತ್ತವೆ. ಹಾರಿದ ಕೆಸರು ಮಡಿಲಿಗೆ ಬಡಿದು ಕೆಳಕ್ಕೆ ಉದುರುವುದನ್ನು ಸುಮಿತಾ ಸೈಕಲ್ಲುಗಳು ತಿರುವು ದಾಟುವ ತನಕ ನಿಂತು ನೋಡುತ್ತಾರೆ.

ಸೋಮವಾರ ಏನಾಗಬೇಕು ಎಂದು ನಿಮ್ಮ ಆಸೆ? ಇದು ನಮ್ಮ ಕೊನೆಯ ಪ್ರಶ್ನೆ. ಸುಮಿತಾ ಕುಂಕುಮದ ಭರಣಿಯನ್ನು ಅಳತೆ ಪುಸ್ತಕದ ಪಕ್ಕ ಇಟ್ಟು ಮಾತಾಡುತ್ತಾರೆ.

"ದೊಡ್ಡದೇನೂ ಬೇಡ. ಮೋಟಾರ್ ಬಿಚ್ಚುವಾಗ ನನ್ನನ್ನೂ ಕರೀಲಿ. ಎಷ್ಟು ದೂರ ಆದರೂ ಬಸ್ಸಲ್ಲಿ ಹೋಗ್ತೇನೆ. ನನ್ನ ಎದುರಿಗೆ ಬಿಚ್ಚಲಿ. ಒಳಗೆ ಕೆಂಪು ಮಣ್ಣು ಇದ್ದರೆ ಅಲ್ಲೇ ನಿಂತು ಸಹಿ ಹಾಕ್ತೇನೆ. ನೀಲಿ ಇದ್ದರೆ ಪೆನ್ನು ಆಫೀಸಿನವರ ಕೈಗೆ ಕೊಡ್ತೇನೆ."