ಕಿಲುಬಿನ ತಂಬಿಗೆಯಲ್ಲಿ ಉಳಿದದ್ದು

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮದುವೆಯಾಗಿ ಗೋಗಿಯಿಂದ ಕಕ್ಕೇರಾಕ್ಕೆ ಬರುವಾಗ ತವರಿನಿಂದ ತಂದ ಆಸ್ತಿ ಒಂದೇ: ಅಂಬಲಿಯ ಹುಳಿ. ದಿನವೂ ಗಡಿಗೆಯ ತಳದಲ್ಲಿ ಒಂದಿಷ್ಟು ಹುಳಿ ಉಳಿಸಿ, ಅದರ ಮೇಲೆ ಕುದಿಸಿ ಆರಿಸಿದ ಜೋಳದ ಗಂಜಿ ಸುರಿದಿಡುವುದು. ಮರುದಿನಕ್ಕೆ ಗುಳ್ಳೆ ಎದ್ದು ಅದೂ ಹುಳಿಯಾಗುವುದು. ಹೀಗೆ ಅವಳ ತಾಯಿಯ ಗಡಿಗೆಯೇ ನಮ್ಮ ಮನೆಯಲ್ಲಿ ಮುಂದುವರಿದಿತ್ತು.

ನಿಜಾಮರ ರಾಜ್ಯ ಮುಗಿಯುವ ಮೊದಲಿನ ಗಲಾಟೆಯಲ್ಲಿ ನಾವು ಹರಗೋಲು ಹತ್ತಿ ಕೃಷ್ಣೆಯ ಆಚೆ ದಂಡೆಗೆ, ಬೀಗರ ಮನೆಗೆ ಹೋದೆವು. ಮಣ್ಣಿನ ಗಡಿಗೆ ಒಡೆದೀತೆಂದು ಆಯಿ ಹುಳಿಯನ್ನು ತಾಮ್ರದ ತಂಬಿಗೆಗೆ ಸುರಿದು, ಬಾಯಿಗೆ ಅರಿವೆ ಕಟ್ಟಿ, ಮಡಿಲಲ್ಲಿಟ್ಟುಕೊಂಡಳು. ಊರಿಗೆ ಕಲಾಯಿಯವನು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಒಳಗಿನ ಕಲಾಯಿ ಸವೆದು ಬರೀ ತಾಮ್ರ ಉಳಿದದ್ದು ಆ ಅವಸರದಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಒಂದು ಒಲೆಯ ಮುಂದೆ ಎರಡು ಮನೆಯ ಹುಳಿ ಇರಬಾರದೆಂಬ ನೇಮ ಬೇರೆ! ಹೀಗಾಗಿ ಬೀಗರ ಮನೆಯಲ್ಲಿ ತಂಬಿಗೆ ಅಟ್ಟದ ಮೇಲೆಯೇ ಕುಳಿತಿತ್ತು. ನಾವು ಅಲ್ಲಿರುವಾಗಲೇ ಗೋಗಿಯಲ್ಲಿ ಆಯಿಯ ತಾಯಿ ತೀರಿಕೊಂಡಳು. ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯೂ ಆಗಿತ್ತು.

ನಮ್ಮ ಸೀಮೆ ಭಾರತಕ್ಕೆ ಸೇರಿತೆಂದು ತಿಳಿದ ಮೇಲೆ ಮರಳಿ ಬಂದೆವು. ಬಂದವಳೇ ಆಯಿ ಅರಿವೆ ಬಿಚ್ಚಿದಳು. ಒಳಗೆಲ್ಲ ಕಿಲುಬು, ಹುಳಿ ಒಣಗಿ ಹಸಿರು ಹಕ್ಕಳೆಯಾಗಿತ್ತು.

"ಯವ್ವಾ, ವಿಷ ಆಗ್ಯಾದ. ಚೆಲ್ಲಿಬಿಡು," ಅಂದ ಅಪ್ಪ.

"ನಮ್ಮವ್ವನ ಮಾರಿ ಅಂತೂ ನೋಡಲಿಲ್ಲ. ಇದನ್ನೂ ತಿಪ್ಪಿಗಿ ಹಾಕಲೇನು?"

ಆಯಿ ಪಟ್ಟು ಹಿಡಿದರೆ ಬ್ರಹ್ಮ ಬಂದರೂ ಬಿಡುವವಳಲ್ಲ. ಹಕ್ಕಳೆಯ ನಡುವಿನಿಂದ ಚಿಟಿಕೆಯಷ್ಟು ಕೆರೆದು ಹೊಸ ಗಡಿಗೆಯ ಗಂಜಿಗೆ ಹಾಕಿದಳು. ಕೆಲವು ದಿನ ಬಿಟ್ಟು ಅದರಿಂದ ಒಂದು ಚಮಚ ಮತ್ತೊಂದು ಗಡಿಗೆಗೆ. ಉಳಿದದ್ದನ್ನು ಯಾರೂ ಮುಟ್ಟದಂತೆ ತಗ್ಗು ತೋಡಿ ಮುಚ್ಚಿದಳು. "ಕಿಲುಬು ಹೋಗಲಿ, ಜೀವ ಉಳೀಲಿ," ಅನ್ನುತ್ತಿದ್ದಳು. ಗಡಿಗೆ ಮಾತ್ರ ಮಿಸುಕಲಿಲ್ಲ, ಒಂದು ಗುಳ್ಳೆಯೂ ಏಳಲಿಲ್ಲ.

ಮುಂದೆ ಯಾದಗಿರಿಯಲ್ಲಿ ಜೀವಶಾಸ್ತ್ರ ಪಾಠ ಹೇಳುವವಳಾದ ಮೇಲೆ, ಆ ಹಕ್ಕಳೆಯಲ್ಲಿ ಏನು ನಡೆದಿರಬಹುದೆಂದು ನನಗೆ ತಿಳಿಯಿತು. ಹುಳಿಯಲ್ಲಿರುವ ಯೀಸ್ಟ್ ಎಂದರೆ ಒಂದೇ ಒಂದು ಕೋಶದ ಜೀವ. ಕೈಯಿಲ್ಲ, ಕಾಲಿಲ್ಲ, ನಮ್ಮ ಹಾಗೆ ಹರಗೋಲು ಹತ್ತಿ ಓಡಿಹೋಗುವಂತಿಲ್ಲ. ಬದುಕಲು ಅದಕ್ಕೆ ತುಸು ತಾಮ್ರ ಬೇಕು, ಹೆಚ್ಚಾದರೆ ಸಾವು. ಹೆಚ್ಚು ತಾಮ್ರ ಒಳಹೊಕ್ಕಾಗ ಅದು ಒಂದು ಪುಟ್ಟ ಪ್ರೋಟೀನನ್ನು ರಾಶಿ ರಾಶಿ ಮಾಡುತ್ತದೆ. ಆ ಪ್ರೋಟೀನಿನಲ್ಲಿರುವ ಗಂಧಕ ತಾಮ್ರವನ್ನು ಹಿಡಿದು, ಕೆಡುಕು ಮಾಡದಂತೆ ಕಟ್ಟಿಹಾಕುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ಪೊರೆಯಲ್ಲಂತೂ ತಾಮ್ರವನ್ನು ಹೊರಕ್ಕೆ ದಬ್ಬುವ ಪಂಪುಗಳೇ ಇವೆ. ಸತುವು, ಕ್ಯಾಡ್ಮಿಯಂಗಳಿಗೂ ಇಂಥವೇ ಉಪಾಯ. ಲಕ್ಷ ಸತ್ತು ಒಂದು ಉಳಿದರೂ ಸಾಕು, ಅದೇ ಮತ್ತೆ ಮನೆ ತುಂಬುತ್ತದೆ. ಇಷ್ಟು ವರ್ಷ ಪಾಠ ಹೇಳಿದರೂ ಈ ಭಾಗ ಬಂದಾಗ ನನಗೆ ಮೈ ಜುಮ್ಮೆನ್ನುತ್ತದೆ. ಆಯಿಯ ತಂಬಿಗೆಯಲ್ಲೂ ಹೀಗೇ ಆಯಿತೆಂದು ಆಣೆ ಮಾಡಿ ಹೇಳಲಾರೆ. ಗಡಿಗೆಗೆ ಗಾಳಿಯಿಂದ ಬಿದ್ದ ಬೇರೆ ಜೀವವೂ ಇರಬಹುದು. ನನ್ನ ವಿದ್ಯೆಗೆ ಆ ಅನುಮಾನವಿದೆ, ನನಗಿಲ್ಲ.

ಊರಿಗೆ ಮರಳಿದ ಆ ದಿನಗಳಲ್ಲೇ ಒಂದು ಮುಂಜಾನೆ ಗಡಿಗೆಯಿಂದ ಹಳೆಯ ಹುಳಿ ವಾಸನೆ ಬಂತು. ಆಯಿ ಮುಚ್ಚಳ ತೆಗೆದು ಕಿವಿಗೊಟ್ಟಳು. ಒಳಗೆ ಗುಳ್ಳೆಗಳು ಚಿಟಿಚಿಟಿ ಅನ್ನುತ್ತಿದ್ದವು. ತಾಯಿ ಸತ್ತ ಸುದ್ದಿ ಕೇಳಿದಾಗಲೂ ಅಳದಿದ್ದವಳು ಗಡಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಅತ್ತಳು.

"ಯವ್ವಾ," ಅಂದಳು, "ಬಂದ್ಯಾ?"